ಕಣ್ಣಾಗಿ ಹಾರಿದ ಗರುಡ

(ನಮ್ಮ ಮಹಿಳಾ ವೇದಿಕೆಯ ಮಾಸಿಕ ಕೂಟದಲ್ಲಿ ಮಾಡಿದ ಭಾಷಣದ ಬರಹ ರೂಪ)



ಹೋದ ತಿಂಗಳು ನಾವೆಲ್ಲ ಪಾಲಂನ ವಾಯುಪಡೆ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದು ನಿಮಗೆ ನೆನಪಿರಬೇಕು. ಅಲ್ಲಿ ಒಂದು ದೊಡ್ಡ ವಿಮಾನದ ಮುಂದೆ ನಾನು ಬಹಳ ಹೊತ್ತು ನಿಂತುಬಿಟ್ಟೆ. "ಬಸ್ ಹೊರಡುತ್ತೆ, ಬನ್ರೀ" ಎಂದು ನೀವು ಕೂಗಿದಿರಿ. ನಮ್ಮವರೊಬ್ಬರು ಪಕ್ಕಕ್ಕೆ ಬಂದು, "ಇದು ಎಷ್ಟು ಬಾಂಬ್ ಹಾಕಿರಬಹುದು?" ಎಂದು ಕೇಳಿದರು. ಆಗ ನನಗೆ ಮಾತು ಹೊರಡಲಿಲ್ಲ. ಅವರಿಗೆ ಕೊಡಬೇಕಿದ್ದ ಉತ್ತರವನ್ನೇ ಇವತ್ತು ನಿಮ್ಮೆಲ್ಲರ ಮುಂದೆ ಹೇಳುತ್ತೇನೆ.

ಆ ವಿಮಾನ ರಷ್ಯಾದ ಮಿಗ್-25. ನಮ್ಮ ವಾಯುಪಡೆ ಅದಕ್ಕಿಟ್ಟ ಹೆಸರು ಗರುಡ. 1981ರಿಂದ 2006ರವರೆಗೆ, ಇಪ್ಪತ್ತೈದು ವರ್ಷ, ಉತ್ತರ ಪ್ರದೇಶದ ಬರೇಲಿಯಲ್ಲಿ 102ನೇ ಸ್ಕ್ವಾಡ್ರನ್ ಇದನ್ನು ಹಾರಿಸಿತು. ಇದ್ದದ್ದು ಬೆರಳೆಣಿಕೆಯಷ್ಟು ವಿಮಾನಗಳು. ನಮ್ಮಲ್ಲಿ ಇವುಗಳಿಗೆ ಇದ್ದ ಕೆಲಸ ಒಂದೇ: ಎತ್ತರಕ್ಕೆ ಹೋಗಿ, ನೋಡಿಕೊಂಡು, ವಾಪಸು ಬರುವುದು.

ನನ್ನ ಯಜಮಾನರು ವಾಯುಪಡೆಯ ಛಾಯಾಚಿತ್ರ ವಿಭಾಗದಲ್ಲಿ ತಂತ್ರಜ್ಞರಾಗಿದ್ದರು. 1996ರಲ್ಲಿ ನಮಗೆ ಬರೇಲಿಗೆ ವರ್ಗವಾಯಿತು. ಆ ವಿಮಾನ ಮೇಲೇಳುವಾಗ ಅಡುಗೆಮನೆ ಗೂಡಿನಲ್ಲಿದ್ದ ಸ್ಟೀಲ್ ಡಬ್ಬಿಗಳು ಗಡಗಡ ನಡುಗುತ್ತಿದ್ದವು. ಸಂಜೆ ಇವರು ಮನೆಗೆ ಬಂದರೆ ಅಂಗಿಯಲ್ಲೆಲ್ಲ ಫಿಲಂ ತೊಳೆಯುವ ಔಷಧಿಯ ವಾಸನೆ. "ಏನು ಕೆಲಸ ಇತ್ತು ಇವತ್ತು?" ಎಂದರೆ, "ಇತ್ತು" ಎನ್ನುತ್ತಿದ್ದರು. ಅಷ್ಟೇ.

ಈ ವಿಮಾನದ ವಿಶೇಷವನ್ನು ನನಗೆ ತಿಳಿದಷ್ಟು ಸರಳವಾಗಿ ಹೇಳುತ್ತೇನೆ. ಇದರ ಗರಿಷ್ಠ ವೇಗ ಶಬ್ದದ ವೇಗದ 2.83 ಪಟ್ಟು, ಅಂದರೆ ಗಂಟೆಗೆ ಸುಮಾರು 3000 ಕಿಲೋಮೀಟರ್. ಬರೀ ಲೆಕ್ಕಕ್ಕೆ ಹೇಳುವುದಾದರೆ, ಆ ವೇಗದಲ್ಲಿ ದೆಹಲಿಯಿಂದ ಬೆಂಗಳೂರಿಗೆ 35 ನಿಮಿಷ. ಕುಕ್ಕರ್ ಇಟ್ಟು ಸಾರು ಕುದಿಸುವಷ್ಟರಲ್ಲಿ ಊರು ತಲುಪಬಹುದು!

ಅಷ್ಟು ವೇಗದಲ್ಲಿ ಹೋದರೆ ಎದುರಿನ ಗಾಳಿ ಒತ್ತಿ ಒತ್ತಿ ಬಿಸಿಯಾಗುತ್ತದೆ. ವಿಮಾನದ ಮೂಗು, ರೆಕ್ಕೆಯ ಅಂಚುಗಳು 300 ಡಿಗ್ರಿಯವರೆಗೆ ಕಾಯುತ್ತವೆ. ನಮ್ಮ ದೋಸೆ ಹೆಂಚಿಗಿಂತ ಹೆಚ್ಚು! ಸಾಮಾನ್ಯ ವಿಮಾನಗಳಿಗೆ ಬಳಸುವ ಅಲ್ಯೂಮಿನಿಯಂ ಆ ಬಿಸಿಯಲ್ಲಿ ಬಲ ಕಳೆದುಕೊಳ್ಳುತ್ತದೆ. ಟೈಟಾನಿಯಂ ತಡೆಯುತ್ತದೆ, ಆದರೆ ಬೆಲೆ ಜಾಸ್ತಿ, ಕೆಲಸವೂ ಕಷ್ಟ. ರಷ್ಯನ್ನರು ಉಕ್ಕನ್ನು ಆರಿಸಿಕೊಂಡರು. ಇದರ ಒಡಲಿನ ಸುಮಾರು 80 ಭಾಗ ನಿಕ್ಕಲ್ ಬೆರೆಸಿದ ಉಕ್ಕು, ಹೆಚ್ಚಿನದೆಲ್ಲ ಬೆಸುಗೆ ಹಾಕಿ ಜೋಡಿಸಿದ್ದು. ತುಂಬಿದ ಇಂಧನವೂ ಸೇರಿದರೆ ತೂಕ ಸುಮಾರು 40 ಟನ್.

ಈ ಗುಟ್ಟು ಹೊರಗೆ ಬಂದದ್ದೂ ಒಂದು ಕಥೆ. ಮಿಗ್-25 ಎಂದರೆ ಅಮೆರಿಕದವರಿಗೆ ದೊಡ್ಡ ಭಯವಿತ್ತು. 1976ರ ಸೆಪ್ಟೆಂಬರ್ 6ರಂದು ವಿಕ್ಟರ್ ಬೆಲೆಂಕೊ ಎಂಬ ಸೋವಿಯತ್ ಪೈಲಟ್ ಇದರ ಯುದ್ಧವಿಮಾನ ಮಾದರಿಯನ್ನು ಹಾರಿಸಿಕೊಂಡು ಹೋಗಿ ಜಪಾನಿನ ಹಕೊದಾತೆಯಲ್ಲಿ ಇಳಿಸಿಬಿಟ್ಟ. ಬಿಚ್ಚಿ ನೋಡಿದರೆ ಉಕ್ಕಿನ ಒಡಲು, ಹಳೇ ರೇಡಿಯೋದಲ್ಲಿದ್ದಂಥ ವಾಲ್ವ್‌ಗಳು. ಕೆಲವರು ನಕ್ಕರು. ಆದರೆ ಅದೇ ಉಕ್ಕಿನ ಒಡಲಿನ ಒಂದು ಮಾದರಿಯಲ್ಲಿ ಮರುವರ್ಷ ಅಲೆಕ್ಸಾಂಡರ್ ಫೆದೋತೊವ್ 37,650 ಮೀಟರ್ ಎತ್ತರ ಏರಿ ಜೆಟ್ ವಿಮಾನಗಳ ದಾಖಲೆ ಮಾಡಿದರು.

ಈಗ ನಮ್ಮ ವೇದಿಕೆಗೆ ಹೇಳಲೇಬೇಕಾದ ಮಾತು. 1975ರ ಜೂನ್ 22ರಂದು ಇದೇ ಮಿಗ್-25ರ ತರಬೇತಿ ಮಾದರಿಯಲ್ಲಿ ಒಬ್ಬ ಹೆಣ್ಣುಮಗಳು ಗಂಟೆಗೆ 2683 ಕಿಲೋಮೀಟರ್ ವೇಗದಲ್ಲಿ ಹಾರಿ ಮಹಿಳೆಯರ ವಿಶ್ವದಾಖಲೆ ಮಾಡಿದಳು. ಹೆಸರು ಸ್ವೆತ್ಲಾನಾ ಸವಿತ್ಸ್ಕಾಯಾ, ವಯಸ್ಸು 26. ಏಳು ವರ್ಷದ ನಂತರ ಈಕೆ ಬಾಹ್ಯಾಕಾಶಕ್ಕೆ ಹೋದ ಎರಡನೆಯ ಮಹಿಳೆಯಾದಳು. ಸಲ್ಯೂತ್-7 ನಿಲ್ದಾಣದೊಳಗೆ ಕಾಲಿಟ್ಟಾಗ ಅಲ್ಲಿದ್ದವರು, ನಿನಗೆ ಏಪ್ರನ್ ಸಿದ್ಧವಾಗಿದೆ ಎಂದು ತಮಾಷೆ ಮಾಡಿದರಂತೆ. ಎಷ್ಟು ಎತ್ತರಕ್ಕೆ ಹೋದರೂ ಅಡುಗೆಮನೆ ನಮ್ಮನ್ನು ಬಿಡುವುದಿಲ್ಲ ನೋಡಿ! ಆಕೆ 1984ರಲ್ಲಿ ಮತ್ತೆ ಹೋದಳು. ಜುಲೈ 25ರಂದು ನಿಲ್ದಾಣದ ಹೊರಗೆ ಬಂದು, ಬಾಹ್ಯಾಕಾಶದಲ್ಲಿ ನಡೆದ ಮೊದಲ ಮಹಿಳೆಯಾದಳು. ಅಲ್ಲಿ ಅವಳು ಮಾಡಿದ ಕೆಲಸ ಲೋಹಕ್ಕೆ ಬೆಸುಗೆ ಹಾಕುವ ಪ್ರಯೋಗ. ನಮ್ಮ ರಾಕೇಶ್ ಶರ್ಮಾ ಅದೇ ನಿಲ್ದಾಣದಿಂದ ಮರಳಿ ಆಗ ಮೂರು ತಿಂಗಳಾಗಿತ್ತು.

ಮತ್ತೆ ಬರೇಲಿಗೆ ಬರೋಣ. ಗರುಡ ಹಾರುತ್ತಿದ್ದುದು 20 ಕಿಲೋಮೀಟರ್ ಎತ್ತರದಲ್ಲಿ. ನಾವು ಊರಿಗೆ ಹೋಗುವ ವಿಮಾನಗಳಿಗಿಂತ ಸುಮಾರು ಎರಡು ಪಟ್ಟು. ಅಲ್ಲಿ ಗಾಳಿಯ ಒತ್ತಡ ಎಷ್ಟು ಕಡಿಮೆಯೆಂದರೆ ವಿಶೇಷ ಉಡುಪಿಲ್ಲದೆ ಪೈಲಟ್ ಬದುಕುವುದಿಲ್ಲ. ಹಗಲಿನಲ್ಲೂ ಮೇಲಿನ ಆಕಾಶ ಕಪ್ಪು, ಕೆಳಗೆ ಭೂಮಿಯ ಅಂಚು ಬಾಗಿ ಕಾಣುತ್ತದೆ. ಒಬ್ಬನೇ ಪೈಲಟ್. ವೇಗ ಹೆಚ್ಚಾದ್ದರಿಂದ ತಟ್ಟನೆ ತಿರುಗುವಂತಿಲ್ಲ, ಒಂದು ತಿರುವಿಗೆ ಹತ್ತಾರು ಕಿಲೋಮೀಟರ್ ಬೇಕು. ಎಲ್ಲಿ ಹೋಗಬೇಕು, ಎಲ್ಲಿ ತಿರುಗಬೇಕು ಎಂಬುದನ್ನು ನೆಲದ ಮೇಲೆಯೇ ಲೆಕ್ಕ ಹಾಕಿಕೊಂಡಿರಬೇಕು. ಅವನ ರಕ್ಷಣೆಗೆ ಇದ್ದದ್ದು ಎತ್ತರ ಮತ್ತು ವೇಗ.

ಆ ರಕ್ಷಣೆಯ ಬೆಲೆ 1999ರಲ್ಲಿ ಗೊತ್ತಾಯಿತು. ಕಾರ್ಗಿಲ್‌ನಲ್ಲಿ ಶತ್ರು ಎಲ್ಲಿ ಕೂತಿದ್ದಾನೆಂದು ತಿಳಿಯಲು ಮೇ 21ರಂದು ಫೋಟೋ ತೆಗೆಯಲು ಹೋದ ಕ್ಯಾನ್‌ಬೆರಾ ವಿಮಾನಕ್ಕೆ ಕ್ಷಿಪಣಿ ತಗುಲಿತು. ಒಂದು ಎಂಜಿನ್ ಕೆಟ್ಟರೂ ಪೈಲಟ್ ಶ್ರೀನಗರದಲ್ಲಿ ಸುರಕ್ಷಿತವಾಗಿ ಇಳಿಸಿದರು. ಆ ದಿನಗಳಲ್ಲಿ ಗರುಡವೂ ಹಾರಿತು.

ಆ ಜೂನ್‌ನಲ್ಲಿ ನಮ್ಮ ಮಗನಿಗೆ ಟೈಫಾಯ್ಡ್. ಇವರು ಒಂಬತ್ತು ದಿನ ಮನೆಗೆ ಬರಲಿಲ್ಲ. ಆಸ್ಪತ್ರೆ, ಔಷಧಿ, ರಾತ್ರಿಯ ನಿದ್ದೆಗೇಡು ಎಲ್ಲ ನನ್ನೊಬ್ಬಳದೇ. ಹತ್ತನೇ ದಿನ ಕಣ್ಣು ಕೆಂಪಗೆ ಮಾಡಿಕೊಂಡು ಬಾಗಿಲಲ್ಲಿ ನಿಂತಾಗ, "ಮಗ ಇದ್ದಾನೋ ಇಲ್ಲವೋ ಕೇಳೋಕೂ ಬಿಡುವಾಗದಷ್ಟು ದೊಡ್ಡ ಕೆಲಸವೇನು ನಿಮ್ಮದು?" ಎಂದುಬಿಟ್ಟೆ. ಅವರು ಉತ್ತರ ಹೇಳಲಿಲ್ಲ. ಕೈ ತೊಳೆದು ಬಂದು ಮಗನ ಹಾಸಿಗೆಯ ಪಕ್ಕ ಕೂತರು. ಆ ಮೌನವನ್ನು ನಾನು ಉದಾಸೀನ ಎಂದೇ ತಿಳಿದೆ. ಆ ಕೋಪ ಕೆಲವು ವರ್ಷ ನನ್ನೊಳಗೆ ಉಳಿಯಿತು.

2006ರ ಮೇ ತಿಂಗಳಲ್ಲಿ ಗರುಡ ನಿವೃತ್ತವಾಯಿತು. ಬಿಡಿಭಾಗ ಸಿಗುವುದು ಕಷ್ಟವಾಗಿತ್ತು. ಮೇಲಿನಿಂದ ನೋಡುವ ಕೆಲಸಕ್ಕೆ ನಮ್ಮ ಇಸ್ರೋದ ಉಪಗ್ರಹಗಳೂ ಬಂದಿದ್ದವು. ಮರುದಿನದ ಪತ್ರಿಕೆಯನ್ನು ಇವರು ನನ್ನ ಮುಂದಿಟ್ಟು, "ಇದರ ಫಿಲಂ ತೊಳೀತಿದ್ದೆ" ಎಂದರು. ಏಳು ವರ್ಷದ ಹಿಂದೆ ನಾನು ಕೇಳಿದ ಪ್ರಶ್ನೆಗೆ ಉತ್ತರ ಅದು. ಯಾವ ಬೆಟ್ಟ, ಯಾವ ರಾತ್ರಿ, ಏನು ಕಂಡಿತು, ಒಂದನ್ನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ನಾಲ್ಕು ವರ್ಷದ ಹಿಂದೆ ಅವರು ತೀರಿಕೊಂಡರು. ಹೇಳದೆ ಇದ್ದದ್ದು ಅವರ ಜೊತೆಗೇ ಹೋಯಿತು.

ಪಾಲಂನಲ್ಲಿ ನಾನು ಮೊದಲ ಸಲ ಆ ವಿಮಾನವನ್ನು ಕೈಗೆಟುಕುವಷ್ಟು ಹತ್ತಿರದಿಂದ ನೋಡಿದೆ. ಬರೇಲಿಯಲ್ಲಿ ಐದು ವರ್ಷ ಅದರ ಸದ್ದು ಮಾತ್ರ ಕೇಳಿದ್ದೆ.

ಗೆಳತಿಯರೇ, ಎಷ್ಟು ಬಾಂಬ್ ಹಾಕಿತು ಎಂದು ಕೇಳಿದ್ದಿರಲ್ಲ, ಅದಕ್ಕೆ ನನ್ನ ಉತ್ತರ ಇಷ್ಟೇ. ಇದು ನೋಡಿಕೊಂಡು ಬಂತು. ಇದು ನೋಡಿದ್ದನ್ನು ನಂಬಿ, ಎಲ್ಲಿ ಕಾಲಿಡಬೇಕು, ಎಲ್ಲಿ ಇಡಬಾರದು ಎಂದು ಯಾರದೋ ಮಗ ತಿಳಿದುಕೊಂಡ. ಕತ್ತಲೆ ಕೋಣೆಯಲ್ಲಿ ಫಿಲಂ ತೊಳೆದ ಕೈಗಳಿಗೆ ಪದಕವಿಲ್ಲ, ಅವರ ಹೆಂಡತಿಯರ ಮುನಿಸಿಗೆ ಲೆಕ್ಕವಿಲ್ಲ. ನಮ್ಮಲ್ಲಿ ಅನೇಕರ ಮನೆಯಲ್ಲಿ ಬಾಯಿಬಿಟ್ಟು ಹೇಳಲಾಗದ ಕೆಲಸ ಮಾಡುವವರಿದ್ದಾರೆ. ಮಗಳಿರಬಹುದು, ಸೊಸೆಯಿರಬಹುದು, ಗಂಡನಿರಬಹುದು. ಅವರು ಸುಮ್ಮನಿದ್ದಾಗ ತಕ್ಷಣ ಕೋಪ ಮಾಡಿಕೊಳ್ಳದೆ, ಒಂದು ಲೋಟ ಕಾಫಿ ಕೊಟ್ಟು ಪಕ್ಕದಲ್ಲಿ ಕೂತುಬಿಡಿ. ನಾನು ಅದನ್ನು ತಡವಾಗಿ ಕಲಿತೆ.