ಬರೆದದ್ದು ಡಿಸ್ಕಿಗೆ ಮುಟ್ಟುವವರೆಗೆ



1960ರ ದಶಕದ ಕೊನೆಯಲ್ಲಿ ಐಬಿಎಂನ ದೊಡ್ಡ ಕಂಪ್ಯೂಟರಿನ ಮೇಲೆ ಒಂದು ಹೊಸ ಫೈಲ್ ಬೇಕೆಂದರೆ ಪ್ರೋಗ್ರಾಂ ಬರೆಯುವವರು ಮೊದಲು ಕೂತು ಲೆಕ್ಕ ಹಾಕಬೇಕಿತ್ತು. ಡಿಸ್ಕಿನಲ್ಲಿ ಎಷ್ಟು ಟ್ರ್ಯಾಕ್ ಜಾಗ ಬೇಕು, ಒಂದೊಂದು ದಾಖಲೆ ಎಷ್ಟು ಅಕ್ಷರ ಉದ್ದ, ಎಷ್ಟು ದಾಖಲೆಗಳನ್ನು ಒಟ್ಟಿಗೆ ಸೇರಿಸಿ ಬರೆಯಬೇಕು, ಇದೆಲ್ಲವನ್ನೂ ಪಂಚ್ ಕಾರ್ಡುಗಳಲ್ಲಿ ನಮೂದಿಸಿ ಪ್ರೋಗ್ರಾಮಿನ ಜೊತೆಗೇ ಕೊಡಬೇಕು. ಜಾಗದ ಅಂದಾಜು ತಪ್ಪಿದರೆ ಕೆಲಸ ನಡುವೆಯೇ ನಿಂತುಬಿಡುತ್ತಿತ್ತು. ದಾಖಲೆಯ ಉದ್ದ ಬಹಳ ಕಡೆ 80 ಅಕ್ಷರ. 1928ರಲ್ಲಿ ಅದೇ ಕಂಪನಿ ತಂದ ಪಂಚ್ ಕಾರ್ಡಿನಲ್ಲಿ 80 ಕಾಲಂಗಳಿದ್ದವು, ಅಳತೆ ಅಲ್ಲಿಂದ ಬಂದದ್ದು.

ಆಗ ವ್ಯಾಪಾರದ ಕೆಲಸಗಳಿಗೆ ಚಾಲ್ತಿಯಲ್ಲಿದ್ದ ಕೋಬಾಲ್ ಭಾಷೆ 1960ರಷ್ಟು ಹಿಂದಿನದು. ಅದರಲ್ಲಿ ಓಪನ್, ರೈಟ್, ಕ್ಲೋಸ್ ಎಂಬ ಆಜ್ಞೆಗಳು ಆಗಲೇ ಇದ್ದವು. ಆದರೆ ಹೆಸರಿಗೆ ಇಷ್ಟು ಅಕ್ಷರ, ಸಂಬಳಕ್ಕೆ ಇಷ್ಟು ಅಂಕಿ ಎಂದು ಮನೆ ಮನೆ ಹಾಕಿಕೊಟ್ಟ ಮೇಲೆಯೇ ಬರೆಯುವ ಮಾತು. ಸಂಬಳದ ಪಟ್ಟಿಗೆ, ಬ್ಯಾಂಕಿನ ಲೆಕ್ಕಕ್ಕೆ ಅದು ಚೆನ್ನಾಗಿಯೇ ಹೊಂದುತ್ತಿತ್ತು. ಒಂದು ಸಾಲು ಚಿಕ್ಕದು, ಮುಂದಿನದು ಉದ್ದ ಎನ್ನುವಂಥ ಸಾಮಾನ್ಯ ಬರಹಕ್ಕೆ ಹೊಂದುತ್ತಿರಲಿಲ್ಲ.

ಈ ಕಟ್ಟುಪಾಡನ್ನು ಬಿಚ್ಚಿದವರು ಅಮೆರಿಕದ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್‌ನಲ್ಲಿದ್ದ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚ್ಚಿ. 1969ರಲ್ಲಿ ಪಿಡಿಪಿ-7 ಎಂಬ ಸಣ್ಣ ಯಂತ್ರದ ಮೇಲೆ ಅವರು ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಕಟ್ಟತೊಡಗಿದರು. ಫೋಲ್ಡರಿನೊಳಗೆ ಫೋಲ್ಡರ್ ಇಡುವ ಏರ್ಪಾಡು ಅವರಿಗೆ ಮಲ್ಟಿಕ್ಸ್ ಎಂಬ ಹಿಂದಿನ ಯೋಜನೆಯಿಂದ ಬಂದದ್ದು, ಅದರ ಶ್ರೇಯಸ್ಸು ಮಲ್ಟಿಕ್ಸ್‌ಗೇ ಸಲ್ಲಬೇಕು. ಯುನಿಕ್ಸ್ ಗಟ್ಟಿಯಾಗಿ ಹಿಡಿದುಕೊಂಡ ನಿಲುವು ಬೇರೆ: ಫೈಲ್ ಎಂದರೆ ಬೈಟುಗಳ ಒಂದು ಸಾಲು, ಅಷ್ಟೇ. ಒಳಗೆ ಏನಿದೆ ಎಂದು ವ್ಯವಸ್ಥೆ ಕೇಳುವುದಿಲ್ಲ. ಜಾಗವನ್ನು ಮೊದಲೇ ಕಾಯ್ದಿರಿಸಬೇಕಿಲ್ಲ, ಬರೆದಂತೆಲ್ಲ ಫೈಲ್ ಬೆಳೆಯುತ್ತದೆ. 1971ರ ನವೆಂಬರ್ 3ರ ತಾರೀಕು ಹೊತ್ತ ಮೊದಲ ಕೈಪಿಡಿಯಲ್ಲೇ ಫೈಲ್ ಸೃಷ್ಟಿಸುವ, ತೆರೆಯುವ, ಓದುವ, ಬರೆಯುವ, ಮುಚ್ಚುವ ಕರೆಗಳ, ಅಂದರೆ ಪ್ರೋಗ್ರಾಂ ವ್ಯವಸ್ಥೆಗೆ ಸಲ್ಲಿಸುವ ಕೋರಿಕೆಗಳ, ವಿವರಣೆ ಇದೆ. ಕಂಪ್ಯೂಟರ್ ಚರಿತ್ರೆಯಲ್ಲಿ ಇಷ್ಟು ಸರಳವಾಗಿ ಇಷ್ಟು ದೂರ ಬಂದ ತೀರ್ಮಾನಗಳು ನನ್ನ ದೃಷ್ಟಿಯಲ್ಲಿ ಬಹಳ ಕಡಿಮೆ.

ಆದರೆ ವ್ಯವಸ್ಥೆ ಕೈಬಿಟ್ಟ ಜವಾಬ್ದಾರಿಗಳು ಬರೆಯುವವರ ಹೆಗಲೇರಿದವು. ಸೃಷ್ಟಿಸುವ ಕರೆಯನ್ನೇ ನೋಡಿ. ಆ ಹೆಸರಿನ ಫೈಲ್ ಮೊದಲೇ ಇದ್ದರೆ ಅದು ತಕರಾರು ಮಾಡುವುದಿಲ್ಲ, ಒಳಗಿದ್ದದ್ದನ್ನು ಅಳಿಸಿ ಖಾಲಿ ಮಾಡಿಕೊಡುತ್ತದೆ. ಮುಂದೆ ಸಿ ಭಾಷೆಯಲ್ಲಿ ಈ ಗುಣ ಫೈಲ್ ತೆರೆಯುವಾಗ ಕೊಡುವ ಡಬ್ಲ್ಯೂ ಎಂಬ ಒಂದಕ್ಷರದೊಳಗೆ ಸೇರಿತು. ಡಬ್ಲ್ಯೂ ಎಂದರೆ ಹಳೆಯದನ್ನು ಅಳಿಸಿ ಬರೆ, ಎ ಎಂದರೆ ಕೊನೆಗೆ ಸೇರಿಸು. ಪಿಎಚ್‌ಪಿ, ರೂಬಿ, ಪೈಥಾನ್ ಭಾಷೆಗಳೆಲ್ಲವೂ ಇದನ್ನು ಹಾಗೆಯೇ ಎತ್ತಿಕೊಂಡವು. ‘ಇದ್ದರೆ ಮುಟ್ಟಬೇಡ, ಇಲ್ಲದಿದ್ದರೆ ಮಾತ್ರ ಹೊಸದು ಮಾಡು’ ಎಂದು ಹೇಳುವ ಎಕ್ಸ್ ಎಂಬ ಅಕ್ಷರ ಸಿ ಭಾಷೆಯ ಪ್ರಮಾಣಿತ ರೂಪಕ್ಕೆ ಸೇರಿದ್ದು 2011ರಲ್ಲಿ. ಪೈಥಾನ್‌ಗೆ ಅದು ಬಂದದ್ದು ಮರುವರ್ಷ.

ಇನ್ನೊಂದು ಜವಾಬ್ದಾರಿ ಕಣ್ಣಿಗೆ ಕಾಣುವಂಥದ್ದಲ್ಲ. ಪ್ರೋಗ್ರಾಂ ‘ಬರೆ’ ಎಂದ ಕೂಡಲೇ ಅಕ್ಷರಗಳು ಡಿಸ್ಕಿಗೆ ಹೋಗುವುದಿಲ್ಲ. ಡಿಸ್ಕ್ ನಿಧಾನ. ಹಾಗಾಗಿ ಅವು ಮೊದಲು ಪ್ರೋಗ್ರಾಮಿನದೇ ಬಫರ್ ಎಂಬ ತಾತ್ಕಾಲಿಕ ಜಾಗದಲ್ಲಿ, ಆಮೇಲೆ ಆಪರೇಟಿಂಗ್ ಸಿಸ್ಟಮ್ಮಿನ ಮೆಮೊರಿಯಲ್ಲಿ ಕಾಯುತ್ತವೆ. ಕಾಗದವನ್ನು ಅಂಚೆ ಡಬ್ಬಿಗೆ ಹಾಕಿದ ಹಾಗೆ: ನಮ್ಮ ಕೈಯಿಂದ ಹೋಗಿದೆ, ತಲುಪಬೇಕಾದಲ್ಲಿಗೆ ಇನ್ನೂ ತಲುಪಿಲ್ಲ. ಆ ನಡುವೆ ಕರೆಂಟು ಹೋದರೆ ಬರೆದದ್ದು ಹೋಯಿತು. ‘ಈ ಫೈಲನ್ನು ಡಿಸ್ಕಿಗೆ ಮುಟ್ಟಿಸಿದ ಮೇಲೆಯೇ ಮರಳಿ ಬಾ’ ಎನ್ನುವ ಎಫ್‌ಸಿಂಕ್ ಎಂಬ ಕರೆಯನ್ನು 1983ರಲ್ಲಿ ಬರ್ಕ್ಲಿ ಯುನಿಕ್ಸ್ ತಂದಿತು. ಬಹಳಷ್ಟು ಪ್ರೋಗ್ರಾಮುಗಳು ಅದನ್ನು ಕರೆಯಲೇ ಇಲ್ಲ.

ಅದರ ಫಲ 2009ರಲ್ಲಿ ಲಿನಕ್ಸ್ ಬಳಕೆದಾರರ ಮುಂದೆ ಬಂತು. ಇಎಕ್ಸ್‌ಟಿ4 ಎಂಬ ಹೊಸ ಫೈಲ್ ವ್ಯವಸ್ಥೆ ವೇಗಕ್ಕಾಗಿ ಡಿಸ್ಕಿನಲ್ಲಿ ಜಾಗ ಹಂಚುವುದನ್ನು ಆದಷ್ಟು ಮುಂದೂಡುತ್ತಿತ್ತು. ಕಂಪ್ಯೂಟರ್ ಹಠಾತ್ತನೆ ನಿಂತು ಮತ್ತೆ ಶುರುವಾದಾಗ ಎಷ್ಟೋ ಸೆಟ್ಟಿಂಗ್ ಫೈಲುಗಳು ಹೆಸರು ಉಳಿಸಿಕೊಂಡು ಒಳಗೆ ಒಂದು ಬೈಟೂ ಇಲ್ಲದೆ ಕೂತಿದ್ದವು. ತಪ್ಪು ಪ್ರೋಗ್ರಾಮಿನದೋ ಫೈಲ್ ವ್ಯವಸ್ಥೆಯದೋ ಎಂದು ಜೋರು ವಾದ ನಡೆಯಿತು. ಇಎಕ್ಸ್‌ಟಿ4 ಕಟ್ಟಿದವರಲ್ಲಿ ಪ್ರಮುಖರಾದ ಟೆಡ್ ತ್ಸೋ, ಪ್ರೋಗ್ರಾಮುಗಳು ಎಫ್‌ಸಿಂಕ್ ಕರೆಯಬೇಕಿತ್ತು ಎಂದರು. ಆದರೂ ಸಾಮಾನ್ಯ ಸಂದರ್ಭಗಳಲ್ಲಿ ಹೀಗಾಗದಂತೆ ಕೋಡ್ ತಿದ್ದಿಕೊಟ್ಟರು. ನಿಯಮದ ಮಾತಿನಲ್ಲಿ ಅವರೇ ಸರಿ, ಆದರೆ ತಿದ್ದಿಕೊಟ್ಟದ್ದು ಅದಕ್ಕಿಂತ ದೊಡ್ಡ ಕೆಲಸ. ಎಚ್ಚರದ ಪ್ರೋಗ್ರಾಮುಗಳು ಇಂದಿಗೂ ಹಳೆಯ ಫೈಲನ್ನು ನೇರವಾಗಿ ಮುಟ್ಟುವುದಿಲ್ಲ. ಬೇರೆ ಹೆಸರಿನಲ್ಲಿ ಪೂರ್ತಿ ಬರೆದು, ಡಿಸ್ಕಿಗೆ ಮುಟ್ಟಿಸಿ, ಆಮೇಲೆ ಹಳೆಯದರ ಹೆಸರನ್ನು ಹೊಸದಕ್ಕೆ ಕೊಡುತ್ತವೆ.

ಇನ್ನು ಬೈಟುಗಳ ಅರ್ಥದ ಪ್ರಶ್ನೆ. ಇದು ಕನ್ನಡಿಗರಿಗೆ ನೇರವಾಗಿ ತಟ್ಟಿದ ವಿಷಯ. ಒಳಗಿರುವುದು ಯಾವ ಲಿಪಿ ಎಂದು ಫೈಲಿಗೆ ಗೊತ್ತಿಲ್ಲ. ನುಡಿ, ಬರಹ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಿ ನಮ್ಮ ಕಚೇರಿಗಳಿಗೂ ಮುದ್ರಣಾಲಯಗಳಿಗೂ ಕನ್ನಡ ಕೊಟ್ಟವು. ಆ ಉಪಕಾರ ದೊಡ್ಡದು. ಆದರೆ ಅದೇ ಫಾಂಟ್ ಇಲ್ಲದ ಕಡೆ ಆ ಹಳೆಯ ಫೈಲ್ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಒಂದೊಂದು ಲಿಪಿಯ ಅಕ್ಷರಗಳಿಗೂ ಪ್ರತ್ಯೇಕ ಸಂಕೇತ ಕೊಡುವ ಪದ್ಧತಿಯಾದ 1991ರ ಮೊದಲ ಯೂನಿಕೋಡ್‌ನಲ್ಲೇ ಕನ್ನಡಕ್ಕೆ ಜಾಗವಿತ್ತು. ಆ ಸಂಕೇತಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಎಂಬ ಎನ್‌ಕೋಡಿಂಗ್ ವಿಧಾನವನ್ನು 1992ರಲ್ಲಿ ರೂಪಿಸಿದವರು ರಾಬ್ ಪೈಕ್ ಮತ್ತು ಅದೇ ಕೆನ್ ಥಾಂಪ್ಸನ್. ಅದರಲ್ಲಿ ‘ಕನ್ನಡ’ ಎಂಬ ಪದ ಬರೆದರೆ ಫೈಲಿಗೆ 15 ಬೈಟ್ ಹೋಗುತ್ತದೆ. ಕ, ನ, ಒತ್ತಕ್ಷರ ಮಾಡುವ ಹಲಂತ ಚಿಹ್ನೆ, ಮತ್ತೊಂದು ನ, ಡ, ಹೀಗೆ ಐದು ಸಂಕೇತ, ಒಂದೊಂದಕ್ಕೆ ಮೂರು ಬೈಟ್.

ಯುಟಿಎಫ್-8 ಬಂದ ಮೇಲೂ ಇಂಗ್ಲಿಷ್ ಸೆಟ್ಟಿಂಗ್ ಇರುವ ವಿಂಡೋಸ್ ಕಂಪ್ಯೂಟರಿನಲ್ಲಿ ಪೈಥಾನ್ ಬಹುಕಾಲ ಪಶ್ಚಿಮ ಯೂರೋಪಿನ ಭಾಷೆಗಳಿಗೆಂದು ಮಾಡಿದ ಹಳೆಯ ಎನ್‌ಕೋಡಿಂಗನ್ನೇ ಹಿಡಿದುಕೊಂಡಿತ್ತು. ವಿದ್ಯಾರ್ಥಿಯೊಬ್ಬಳು ಡಬ್ಲ್ಯೂ ಹಾಕಿ ಫೈಲ್ ತೆರೆದು ಕನ್ನಡದ ಸಾಲು ಬರೆಯಹೊರಟರೆ ಎರರ್ ಬರುತ್ತದೆ. ಎರರ್ ಬರುವ ಹೊತ್ತಿಗೆ ತೆರೆಯುವ ಕೆಲಸ ಮುಗಿದಿರುತ್ತದೆ, ಅಂದರೆ ಫೈಲಿನಲ್ಲಿ ಮೊದಲಿದ್ದದ್ದೂ ಅಳಿಸಿಹೋಗಿರುತ್ತದೆ. ಪೈಥಾನ್ 3.15ನೇ ಆವೃತ್ತಿಯಿಂದ ಕೇಳದೆಯೇ ಯುಟಿಎಫ್-8 ಬಳಸಬೇಕೆಂದು ತೀರ್ಮಾನವಾಗಿದೆ. ಕಾಲೇಜಿನ ಲ್ಯಾಬುಗಳಲ್ಲಿ ಹಳೆಯ ಆವೃತ್ತಿಗಳು ಇರುವವರೆಗೆ, ಫೈಲ್ ತೆರೆಯುವ ಸಾಲಿನಲ್ಲೇ ಎನ್‌ಕೋಡಿಂಗ್ ಯುಟಿಎಫ್-8 ಎಂದು ಸ್ಪಷ್ಟವಾಗಿ ಬರೆಯುವುದನ್ನು ಮೇಷ್ಟ್ರುಗಳು ಮೊದಲ ಪಾಠದಲ್ಲೇ ಹೇಳಿಕೊಡಬೇಕು.