ಬಳೆ ತೊಟ್ಟ ಕಂಬ

ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ತೊಡಿಸುವುದನ್ನು ನಮ್ಮ ತಲೆಮಾರಿನವರು ಕಂಡಿದ್ದೇವೆ. ಪಟ್ಟಿಯನ್ನು ಕೆಂಪಗೆ ಕಾಯಿಸಿ, ಚಕ್ರದ ಮೇಲಿಟ್ಟು ಬಡಿದು, ನೀರು ಹೊಯ್ದರೆ ಅದು ಕುಗ್ಗಿ ಮರದ ತುಂಡುಗಳನ್ನೆಲ್ಲ ಒಂದಾಗಿ ಬಿಗಿಯುತ್ತದೆ. ಕಾಂಕ್ರೀಟು ಕಂಬದೊಳಗೆ ಕಟ್ಟುವ ಕಂಬಿಯ ಬಳೆಗಳ ಕೆಲಸವೂ ಇಷ್ಟೇ ಎಂದು ನಾನು ಬಹುಕಾಲ ತಿಳಿದಿದ್ದೆ. ಎಂಜಿನಿಯರಿಂಗ್ ಓದಿದ ನನ್ನ ಮಗಳು ಆ ತಿಳಿವಳಿಕೆಯನ್ನು ತಿದ್ದಿದಳು. ಕನ್ನಡ ಪಾಠ ಹೇಳಿಕೊಂಡಿದ್ದವನು ಇಂದು ಈ ವಿಷಯವನ್ನು ಎತ್ತಿಕೊಂಡಿರುವುದಕ್ಕೆ ಅವಳೇ ಕಾರಣ. ತಪ್ಪುಗಳಿದ್ದರೆ ಅವು ನನ್ನವು.

ಕಾಂಕ್ರೀಟನ್ನು ಮೇಲಿನಿಂದ ಒತ್ತಿದರೆ ಅದು ಕುಗ್ಗುತ್ತದೆ, ಜೊತೆಗೆ ಪಕ್ಕಕ್ಕೆ ಉಬ್ಬುತ್ತದೆ. ಮೊದಮೊದಲು ಈ ಉಬ್ಬು ಅತ್ಯಲ್ಪ. ಕುಗ್ಗಿದ್ದರ ಐದರಲ್ಲೊಂದು ಪಾಲಿನಷ್ಟು. ತಾಳಬಲ್ಲ ಭಾರದ ಮುಕ್ಕಾಲು ಪಾಲು ದಾಟಿದ ಮೇಲೆ, ಒಳಗಿನ ಕೂದಲೆಳೆಯಂಥ ಬಿರುಕುಗಳು ಒಂದಕ್ಕೊಂದು ಕೂಡಿಕೊಂಡು, ಉಬ್ಬು ಜೋರಾಗುತ್ತದೆ. ಬಳೆಗೆ ಎಚ್ಚರವಾಗುವುದು ಆಗ. ಚಕ್ರದ ಪಟ್ಟಿ ಮೊದಲ ಗಳಿಗೆಯಿಂದಲೇ ಬಿಗಿದಿರುತ್ತದೆ. ಕಂಬದ ಬಳೆಯಾದರೋ ಕಾಂಕ್ರೀಟು ಸಿಡಿಯಲು ಹೊರಟಾಗಲೇ ಎಳೆತಕ್ಕೆ ಸಿಕ್ಕಿ, ಅದನ್ನು ಒಳಕ್ಕೆ ಒತ್ತಿ ಹಿಡಿಯುತ್ತದೆ. ಎಂಜಿನಿಯರುಗಳು ಇದನ್ನು ‘ಕನ್‌ಫೈನ್‌ಮೆಂಟ್’ ಎನ್ನುತ್ತಾರೆ. ನಮಗೆ ‘ಕಟ್ಟು’ ಸಾಕು. ಮನೆ ಕಟ್ಟುವುದಕ್ಕೂ ಹೊರೆ ಕಟ್ಟುವುದಕ್ಕೂ ನಮ್ಮ ನುಡಿಯಲ್ಲಿ ಧಾತು ಒಂದೇ ಅಲ್ಲವೆ?

ಸುರುಳಿ ಸುತ್ತಿದ ಕಂಬಿಯ ಈ ಗುಣವನ್ನು ಫ್ರಾನ್ಸಿನ ಕನ್ಸಿದೇರ್ 20ನೆಯ ಶತಮಾನದ ಆರಂಭದಲ್ಲೇ ತೋರಿಸಿಕೊಟ್ಟಿದ್ದ. 1928ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ರಿಚರ್ಟ್ ಮತ್ತು ಸಂಗಡಿಗರು ಅದಕ್ಕೊಂದು ಲೆಕ್ಕ ಕೊಟ್ಟರು: ಸುತ್ತಲಿನಿಂದ ಒಂದು ಪಾಲು ಒತ್ತಿ ಹಿಡಿದರೆ, ಮೇಲಿನ ಭಾರವನ್ನು ತಾಳುವ ಬಲ ಸುಮಾರು 4.1 ಪಾಲು ಹೆಚ್ಚುತ್ತದೆ. ಚದರ ಮಿಲಿಮೀಟರಿಗೆ 20 ನ್ಯೂಟನ್ ತಾಳುವ ಕಾಂಕ್ರೀಟು, ಸುತ್ತಲೂ 2 ನ್ಯೂಟನ್ನಿನ ಆಸರೆ ಸಿಕ್ಕರೆ 28ಕ್ಕೂ ಮಿಕ್ಕಿ ತಾಳುತ್ತದೆ. ಅದಕ್ಕಿಂತ ದೊಡ್ಡ ಲಾಭವೆಂದರೆ, ಅದು ಥಟ್ಟನೆ ಪುಡಿಯಾಗುವುದಿಲ್ಲ. 1971ರ ಫೆಬ್ರವರಿ 9ರಂದು ಕ್ಯಾಲಿಫೋರ್ನಿಯದ ಸ್ಯಾನ್ ಫರ್ನಾಂಡೊದಲ್ಲಿ ಭೂಮಿ ನಡುಗಿದಾಗ, ಆಗಷ್ಟೇ ಕಟ್ಟಿ ಮುಗಿಸಿದ್ದ ಆಲಿವ್ ವ್ಯೂ ಆಸ್ಪತ್ರೆಯಲ್ಲಿ ಬಿಡಿ ಬಳೆಗಳ ಮೂಲೆಗಂಬಗಳು ನುಚ್ಚಾದವು. ಒತ್ತಾಗಿ ಸುರುಳಿ ಸುತ್ತಿದ್ದ ಕಂಬಗಳು ಹೊರಗವಚ ಉದುರಿ ವಾಲಿದರೂ ಭಾರವನ್ನು ಕೆಳಗಿಳಿಸಲಿಲ್ಲ.

ದುಂಡು ಕಂಬದಲ್ಲಿ ಈ ಒತ್ತಡ ಸುತ್ತಲೂ ಸಮ. ಚೌಕ ಕಂಬದಲ್ಲಿ ಹಾಗಲ್ಲ. ಬಳೆಯ ಹಿಡಿತ ಮೂಲೆಗಳಲ್ಲಿ ಗಟ್ಟಿ, ಬದಿಗಳ ನಡುವೆ ಸಡಿಲ. ಈ ಏರುಪೇರನ್ನು ಎಳೆಎಳೆಯಾಗಿ ನೋಡಲು ನೆರವಾಗುವುದು ಗಣಕಯಂತ್ರದ ‘ಫೈನೈಟ್ ಎಲಿಮೆಂಟ್’ ವಿಧಾನ. ಕ್ಲಫ್ ಎಂಬಾತ 1960ರಲ್ಲಿ ಇಟ್ಟ ಹೆಸರು. ಕಂಬವನ್ನು ಸಾವಿರಾರು ಪುಟ್ಟ ಇಟ್ಟಿಗೆಗಳೆಂದು ಭಾವಿಸಿ, ಅವುಗಳ ನಡುವೆ ಕಂಬಿಗಳನ್ನು ಗೆರೆಗಳಾಗಿ ಪೋಣಿಸಿ, ಭಾರವನ್ನು ಹಂತಹಂತವಾಗಿ ಏರಿಸುತ್ತ, ಪ್ರತಿಯೊಂದು ಇಟ್ಟಿಗೆಯೂ ನೆರೆಯದನ್ನು ಎಷ್ಟು ತಳ್ಳಿತೆಂದು ಎಣಿಸುತ್ತ ಹೋಗುತ್ತಾರೆ. ಆದರೆ ಕಾಂಕ್ರೀಟು ಎಷ್ಟು ಉಬ್ಬುತ್ತದೆಂಬುದನ್ನು ಯಂತ್ರಕ್ಕೆ ನಾವೇ ಹೇಳಿಕೊಡಬೇಕು. ಕಡಿಮೆ ಹೇಳಿದರೆ ಬಳೆ ಸುಮ್ಮನೆ ಕುಳಿತು ಕಂಬ ಬೇಗ ಸೋಲುತ್ತದೆ. ಹೆಚ್ಚು ಹೇಳಿದರೆ ಇಲ್ಲದ ಬಲ ಕಾಣಿಸುತ್ತದೆ. ಪ್ರಯೋಗಶಾಲೆಯಲ್ಲಿ ನಿಜವಾಗಿ ಒಡೆದ ಕಂಬದೊಡನೆ ತಾಳೆ ನೋಡದ ಲೆಕ್ಕವನ್ನು ನನ್ನ ಮಗಳು ನಂಬುವುದಿಲ್ಲ.

ನನ್ನನ್ನು ಕಾಡಿದ್ದು ಬೇರೊಂದು. ಅವಳ ಚಿತ್ರದಲ್ಲಿ ಬಳೆಯೆಂಬುದು ಕೂಡಿದ ಗೆರೆ. ಅದಕ್ಕೆ ತುದಿಯೇ ಇಲ್ಲ. ನಿಜವಾದ ಬಳೆಗೆ ಎರಡು ತುದಿಗಳಿವೆ. ಭೂಕಂಪವನ್ನು ತಾಳಬೇಕಾದ ಕಟ್ಟಡಗಳಿಗಾಗಿ 1993ರಲ್ಲಿ ಬಂದ ಭಾರತೀಯ ಮಾನಕ 13920, ಆ ತುದಿಗಳನ್ನು 135 ಡಿಗ್ರಿ ಬಗ್ಗಿಸಿ ಕಂಬದ ಒಡಲೊಳಗೆ ಹುದುಗಿಸಬೇಕೆಂದಿತು. ಕಂಬದ ಎರಡು ಕೊನೆಗಳ ಬಳಿ ಬಳೆಗಳ ಅಂತರ 100 ಮಿಲಿಮೀಟರ್ ಮೀರಬಾರದೆಂದಿತು. 90 ಡಿಗ್ರಿಗೆ ಬಗ್ಗಿಸಿ ಬಿಟ್ಟ ತುದಿ ಹೊರಗವಚದಲ್ಲೇ ಉಳಿಯುತ್ತದೆ. ಕವಚ ಉದುರಿದೊಡನೆ ಬಳೆ ಬಿಚ್ಚಿಕೊಳ್ಳುತ್ತದೆ, ಅದೂ ಬೇಕಾದ ಹೊತ್ತಿನಲ್ಲೇ.

ನಮ್ಮ ಮನೆ ಕಟ್ಟುವಾಗ ಮಗಳು ಊರಿಗೆ ಬರುವಷ್ಟರಲ್ಲಿ ನಾಲ್ಕು ಕಂಬಗಳಿಗೆ ಕಾಂಕ್ರೀಟು ತುಂಬಿಯಾಗಿತ್ತು. ಉಳಿದ ಎಂಟರ ಬಳೆಗಳನ್ನು ನೋಡಿ ಅವಳು ಮಾತಾಡಲಿಲ್ಲ. ತುದಿಯೊಂದನ್ನು ಬೆರಳಿನಿಂದ ಮುಟ್ಟಿ ತೋರಿಸಿದಳು. “ಒಳಗೆ ಬಗ್ಗಿಸಿದರೆ ಜಲ್ಲಿ ಇಳಿಯೋದಿಲ್ಲ ಮೇಷ್ಟ್ರೇ, ಎಲ್ಲ ಕಡೆ ಹೀಗೇ ಕಟ್ಟೋದು” ಎಂದರು ಮೇಸ್ತ್ರಿ. ಅವರು ಸುಳ್ಳಾಡಲಿಲ್ಲ; ಎಲ್ಲ ಕಡೆ ಹಾಗೆಯೇ ಕಟ್ಟುತ್ತಿದ್ದರು. ಎರಡು ದಿನದ ಕೂಲಿ ಹೆಚ್ಚು ಕೊಟ್ಟು ಎಂಟರ ಬಳೆಗಳನ್ನೂ ಬಿಚ್ಚಿಸಿ ಬಗ್ಗಿಸಿ ಕಟ್ಟಿಸಿದೆ. ಮೊದಲ ನಾಲ್ಕು ಹಾಗೆಯೇ ಇವೆ. ಅವುಗಳಲ್ಲೊಂದು ಜಗಲಿಯಲ್ಲಿದೆ, ಬೆಳಗ್ಗೆ ಪತ್ರಿಕೆ ಓದುವಾಗ ನಾನು ಒರಗಿ ಕೂರುವುದು ಅದಕ್ಕೇ.