ಕಬ್ಬಿಣದ ಎರಡು ವೇಲೆನ್ಸಿ ಮತ್ತು ಸೋಯಾ ಎಲೆಯ ಹಳದಿ



ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳ ಎರೆ ಭೂಮಿಯಲ್ಲಿ ಸೋಯಾ ಅವರೆ ಬಿತ್ತಿದ ಕೆಲವು ವಾರಗಳಲ್ಲಿ ಅಲ್ಲಲ್ಲಿ ಕುಡಿ ಎಲೆಗಳು ಹಳದಿಯಾಗುವುದುಂಟು. ಕೂಡಲೇ ಯೂರಿಯಾ ಎರಚಿದರೆ ಹಣ ಹೋಗುತ್ತದೆ, ಹಳದಿ ಹೋಗುವುದಿಲ್ಲ. ಸಾರಜನಕದ ಕೊರತೆಯಾದರೆ ಮೊದಲು ಹಳದಿಯಾಗುವುದು ಕೆಳಗಿನ ಹಳೆಯ ಎಲೆ. ಕುಡಿ ಎಲೆಯ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಬಿಳಿಚಿಕೊಂಡಿದ್ದರೆ ಅದು ಕಬ್ಬಿಣದ ಕೊರತೆ.

ನಮ್ಮ ಮಣ್ಣಿನಲ್ಲಿ ಕಬ್ಬಿಣಕ್ಕೆ ಬರವೇ ಎಂದು ಕೇಳಬಹುದು. ಬರವಿಲ್ಲ. ಎರೆ ಮಣ್ಣು ಹುಟ್ಟಿದ ಕರಿಕಲ್ಲಿನಲ್ಲಿಯೇ ಕಬ್ಬಿಣ ಧಾರಾಳವಾಗಿದೆ. ತೊಡಕಿರುವುದು ಅದರ ರೂಪದಲ್ಲಿ.

ಒಂದು ಮೂಲವಸ್ತುವಿನ ಪರಮಾಣು ಬೇರೆ ಪರಮಾಣುಗಳೊಡನೆ ಕೂಡುವ ಶಕ್ತಿಗೆ ವೇಲೆನ್ಸಿ ಎನ್ನುತ್ತಾರೆ. ಇದನ್ನು ಕೈಗಳ ಲೆಕ್ಕದಲ್ಲಿ ತಿಳಿಯಬಹುದು. ಜಲಜನಕಕ್ಕೆ ಒಂದು ಕೈ, ಆಮ್ಲಜನಕಕ್ಕೆ ಎರಡು. ಆದ್ದರಿಂದ ಎರಡು ಜಲಜನಕ, ಒಂದು ಆಮ್ಲಜನಕ ಕೂಡಿ ನೀರಾಗುತ್ತದೆ. ಸುಣ್ಣದಲ್ಲಿರುವ ಕ್ಯಾಲ್ಸಿಯಂಗೆ ಎರಡೇ ಕೈ. ಕಬ್ಬಿಣ ಹಾಗಲ್ಲ; ಅದರ ವೇಲೆನ್ಸಿ ಒಮ್ಮೆ ಎರಡು, ಒಮ್ಮೆ ಮೂರು. ಎರಡರದು ಫೆರಸ್, ಮೂರರದು ಫೆರಿಕ್. ಗಾಳಿ, ತೇವ ತಗುಲಿದರೆ ಫೆರಸ್ ಫೆರಿಕ್ ಆಗುತ್ತದೆ. ಬೀದರ್ ಸೀಮೆಯ ಜಂಬಿಟ್ಟಿಗೆಯ ಕೆಂಪು, ಕುಡುಗೋಲಿನ ತುಕ್ಕು ಎರಡೂ ಫೆರಿಕ್ ಕಬ್ಬಿಣವೇ.

ಫೆರಿಕ್ ನೀರಿನಲ್ಲಿ ಕರಗುವುದು ಅತಿ ಕಡಿಮೆ. ಸೋಯಾ, ಶೇಂಗಾ ಬೆಳೆಗಳ ಬೇರು ಅದನ್ನು ಫೆರಸ್ ಮಾಡಿಕೊಂಡೇ ಹೀರಬೇಕು. ಸುಣ್ಣದ ಹರಳು ಹೆಚ್ಚಿರುವ ಎರೆಯಲ್ಲಿ, ಅದರಲ್ಲೂ ನೀರು ನಿಂತಾಗ, ಈ ಕೆಲಸಕ್ಕೆ ಅಡ್ಡಿಯಾಗುತ್ತದೆ. ಕಣಜ ತುಂಬಿದ್ದರೂ ಬಾಗಿಲಿಗೆ ಬೀಗ ಬಿದ್ದಂತೆ.

ಇದಕ್ಕೆ ಪರಿಹಾರ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್. ಒಂದು ಲೀಟರ್ ನೀರಿಗೆ ಮೊದಲು 1 ಗ್ರಾಂ ಸಿಟ್ರಿಕ್ ಆಮ್ಲ, ನಂತರ 5 ಗ್ರಾಂ ಅನ್ನಭೇದಿ ಕರಗಿಸಿ ಸಂಜೆಯ ತಂಪಿನಲ್ಲಿ ಎಲೆಗಳಿಗೆ ಸಿಂಪಡಿಸಬೇಕು. ಹಳದಿ ಉಳಿದಿದ್ದರೆ 8-10 ದಿನಗಳ ನಂತರ ಮತ್ತೊಮ್ಮೆ ಸಿಂಪಡಿಸಬೇಕು.

ಕೊಳ್ಳುವಾಗ ಬಣ್ಣ ನೋಡಿರಿ. ತಿಳಿ ಹಸಿರು ಹರಳು ಒಳ್ಳೆಯದು. ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ಚೀಲದಲ್ಲಿಯೇ ಫೆರಿಕ್ ಆಗತೊಡಗಿದೆ ಎಂದರ್ಥ. ಕಲಸಿದ ದ್ರಾವಣವನ್ನು ಮರುದಿನಕ್ಕೆ ಇಡಬಾರದು. ಬರೀ ಅನ್ನಭೇದಿಯನ್ನು ಸುಣ್ಣದ ಎರೆಗೆ ಎರಚಿದರೂ ಅದೇ ಗತಿ. ಮಣ್ಣಿಗೆ ಕೊಡುವುದಾದರೆ ಕೊಟ್ಟಿಗೆ ಗೊಬ್ಬರದೊಡನೆ ಬೆರೆಸಿ ಕೊಡುವುದು ಲೇಸು. ಬಸಿಗಾಲುವೆ ತೆಗೆದು ಹೊಲದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಬೇಕು.

ಯೂರಿಯಾ ಚೀಲ ಬಿಚ್ಚುವ ಮುನ್ನ, ಹಳದಿ ಹಳೆಯ ಎಲೆಯಲ್ಲಿದೆಯೋ ಕುಡಿಯಲ್ಲಿದೆಯೋ ಎಂದು ಬಗ್ಗಿ ನೋಡಿರಿ.